ವರ್ಷಗಳಿಂದ ಬಿಡದ ಅನೊರೆಕ್ಸಿಯಾ: ತಂಗಿಯನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕೇ?

ಪ್ರಶ್ನೆ: ಗೋಣಿಕೊಪ್ಪದ ಅಕ್ಕ

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನ ತಂಗಿಗೆ ಈಗ ಮೂವತ್ತೆರಡು ವರ್ಷ. ಪಿಯುಸಿ ಓದುತ್ತಿದ್ದಾಗ ಊಟ ಕಡಿಮೆ ಮಾಡಿದವಳು ಅಲ್ಲಿಂದೀಚೆಗೆ ಹೊಟ್ಟೆ ತುಂಬ ಉಂಡದ್ದನ್ನು ನಾನು ಕಂಡಿಲ್ಲ. ಮೊದಲ ಕೆಲವು ವರ್ಷ ಎಲ್ಲವೂ ಹೊಟ್ಟೆಯ ಕಾಯಿಲೆಯೆಂದೇ ನಡೆಯಿತು. ತಿಂದರೆ ಉಬ್ಬರಿಸುತ್ತದೆ, ಎದೆಗೆ ಒತ್ತುತ್ತದೆ ಎನ್ನುತ್ತಿದ್ದಳೇ ಹೊರತು ದಪ್ಪಗಾಗುತ್ತೇನೆಂಬ ಮಾತು ಅವಳ ಬಾಯಿಂದ ಬಂದದ್ದೇ ಇಲ್ಲ. ಹೀಗಾಗಿ ಗ್ಯಾಸ್ಟ್ರಿಕ್ ಮಾತ್ರೆ, ಎಂಡೋಸ್ಕೋಪಿ, ಸ್ಕ್ಯಾನಿಂಗ್, ನಾಟಿ ಔಷಧಿ, ಹರಕೆ ಎಲ್ಲವೂ ಆದವು. ಮುಟ್ಟು ನಿಂತಾಗ ಸ್ತ್ರೀರೋಗ ತಜ್ಞರು ಮಾತ್ರೆ ಕೊಟ್ಟರು, ಮುಟ್ಟು ಬಂತು, ಮನೆಯವರು ಸಮಾಧಾನಪಟ್ಟರು. ಮೈಸೂರಿನ ಮನೋವೈದ್ಯರೊಬ್ಬರು ಇದು ಅನೊರೆಕ್ಸಿಯಾ ನರ್ವೋಸಾ, ಅಂದರೆ ತೂಕ ಏರದಂತೆ ಊಟವನ್ನು ತಡೆಹಿಡಿಯುವ ಮಾನಸಿಕ ಕಾಯಿಲೆ, ಎಂದು ಹೇಳುವ ಹೊತ್ತಿಗೆ ಕಾಯಿಲೆ ಶುರುವಾಗಿ ಐದಾರು ವರ್ಷ ಕಳೆದಿತ್ತು.

ಹಿಂದೆ ಎರಡು ಬಾರಿ ಆಸ್ಪತ್ರೆಗೆ ಸೇರಿಸಿದ್ದೇವೆ. ಮೊದಲ ಬಾರಿ ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಟ್ಟರು. ತೂಕ ಏರಿತು, ಮನೆಗೆ ಬಂದಳು, ಕಾಫಿ ಹೂ ಬಿಡುವ ಹೊತ್ತಿಗೆ ಏರಿದ್ದೆಲ್ಲ ಇಳಿದಿತ್ತು. ಎರಡನೆಯ ಬಾರಿ ಚಿಕಿತ್ಸೆ ಅರ್ಧದಲ್ಲಿರುವಾಗಲೇ ತಾನೇ ಸಹಿ ಹಾಕಿ ಹೊರಬಂದಳು. ಅಂದಿನಿಂದ ಆಸ್ಪತ್ರೆಯೆಂಬ ಮಾತು ಎತ್ತಿದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ.

ಆಹಾರದ ಮೇಲೆ ಅವಳಿಗೆ ದ್ವೇಷವಿದೆ ಎಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಕಳೆದ ಪುತ್ತರಿ ಸುಗ್ಗಿಹಬ್ಬಕ್ಕೆ ಇಡೀ ಮನೆಗೆ ಕಡಂಬುಟ್ಟು ಎಂಬ ಅಕ್ಕಿಕಡುಬು ಮಾಡಿದ್ದು ಅವಳೇ. ಒಂದೊಂದು ಉಂಡೆಯನ್ನೂ ಅಂಗೈಯಲ್ಲಿ ಹೊರಳಿಸಿ, ಎಲ್ಲವೂ ಒಂದೇ ಗಾತ್ರಕ್ಕೆ ಬರುವವರೆಗೆ ಚಿಟಿಕೆಯಷ್ಟು ಹಿಟ್ಟು ತೆಗೆದು ಮತ್ತೆ ಸೇರಿಸಿ, ಹಬೆಗೆ ಇಟ್ಟು, ಬಂದ ನೆಂಟರಿಗೆಲ್ಲ ಬಡಿಸಿ, ಇನ್ನೊಂದು ಹಾಕಿಕೊಳ್ಳಿ ಎಂದು ಒತ್ತಾಯವನ್ನೂ ಮಾಡಿದಳು. ತಾನು ಮಾತ್ರ ಒಲೆಯ ಪಕ್ಕ ಬರಿ ಕಾಫಿಯ ಲೋಟ ಹಿಡಿದು ನಿಂತೇ ಇದ್ದಳು.

ಈಗ ವಿಷಯ ಕೈಮೀರುತ್ತಿದೆ. ಈ ಸಲ ರೋಬಸ್ಟಾ ಕೊಯ್ಲು ಆರಂಭವಾದಾಗ ಕಣದ ಲೆಕ್ಕ ಬರೆಯಲು ನಡೆದು ಹೋಗುತ್ತಿದ್ದವಳು ಈಗ ಜಗಲಿಯ ಮೆಟ್ಟಿಲು ಹತ್ತಲು ಕಂಬ ಹಿಡಿಯುತ್ತಾಳೆ. ಬಿಸಿಲಿನಲ್ಲೂ ಸ್ವೆಟರ್ ತೆಗೆಯುವುದಿಲ್ಲ, ಬೆರಳ ತುದಿಗಳು ನೀಲಿಯಾಗಿವೆ. ಆರೋಗ್ಯ ಕೇಂದ್ರದ ಸಿಸ್ಟರ್ ನಾಡಿ ಹಿಡಿದು ನೋಡಿ ಬಹಳ ನಿಧಾನವಿದೆ ಎಂದರು, ವೈದ್ಯರು ಕೂಡಲೇ ದಾಖಲಿಸಿ ಎಂದರು. ರಕ್ತಪರೀಕ್ಷೆಯ ವರದಿಯಲ್ಲಿ ಮಾತ್ರ ಎಲ್ಲವೂ ಸರಿಯಾಗಿದೆ. ಅದನ್ನೇ ಮುಂದೆ ಹಿಡಿದು, ನನಗೇನೂ ಆಗಿಲ್ಲ, ನನ್ನನ್ನು ನನ್ನ ಪಾಡಿಗೆ ಬಿಡಿ ಎನ್ನುತ್ತಿದ್ದಾಳೆ.

ಇಷ್ಟು ವರ್ಷ ಬೇರುಬಿಟ್ಟ ಕಾಯಿಲೆಗೆ ಮೂರನೆಯ ಬಾರಿ ಆಸ್ಪತ್ರೆ ಸೇರಿಸುವುದರಿಂದ ನಿಜವಾಗಿ ಉಪಯೋಗವಿದೆಯೇ, ಅಥವಾ ಬಂಧುಗಳು ಕೆಲವರು ಹೇಳುವಂತೆ ಇದು ಅವಳ ಸ್ವಭಾವವೇ ಆಗಿಹೋಗಿದೆಯೆಂದು ಒಪ್ಪಿಕೊಂಡು ಸುಮ್ಮನಿರಬೇಕೇ? ಅವಳು ಒಲ್ಲೆ ಎಂದಾಗ ಕರೆದೊಯ್ಯುವ ಹಕ್ಕು ನಮಗಿದೆಯೇ? ಬಲ್ಲವರು ದಯವಿಟ್ಟು ಬರೆಯಿರಿ. ತೂಕದ ಅಂಕಿಗಳನ್ನೂ ಆಹಾರದ ಅಳತೆಗಳನ್ನೂ ಯಾರೂ ಬರೆಯಬೇಡಿ ಎಂದು ಕೋರುತ್ತೇನೆ. ಅವಳು ಇದನ್ನು ಓದುವ ಸಾಧ್ಯತೆಯಿದೆ, ಅಂತಹ ಅಂಕಿ ಕಂಡರೆ ತನ್ನೊಡನೆ ಹೋಲಿಸಿಕೊಳ್ಳುತ್ತಾಳೆ.

ಉತ್ತರ: ನಿವೃತ್ತ ಫಿಸಿಶಿಯನ್, ಮಡಿಕೇರಿ

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಈ ವಾರ ನಿಮ್ಮ ತಂಗಿಯ ದೇಹ ಅಪಾಯದಲ್ಲಿದೆಯೇ ಎಂಬುದು ಒಂದು, ಈ ಕಾಯಿಲೆ ವಾಸಿಯಾಗುತ್ತದೆಯೇ ಎಂಬುದು ಇನ್ನೊಂದು. ಆಸ್ಪತ್ರೆಯ ವಾರ್ಡು ಮುಖ್ಯವಾಗಿ ಮೊದಲನೆಯದಕ್ಕೆ ಉತ್ತರ ಕೊಡುವ ಜಾಗ. ಹಿಂದಿನ ಎರಡು ದಾಖಲಾತಿಗಳಿಂದ ಕಾಯಿಲೆ ವಾಸಿಯಾಗಲಿಲ್ಲ ಎಂಬ ಕಾರಣಕ್ಕೆ ಅವು ವ್ಯರ್ಥವಾದವೆಂದು ಹೇಳಲು ಬರುವುದಿಲ್ಲ. ಅವರು ಇಂದು ಜೀವಂತವಾಗಿರುವುದಕ್ಕೆ ಅವೂ ಕಾರಣವಿರಬಹುದು. ಮಾನಸಿಕ ಕಾಯಿಲೆಗಳ ಪೈಕಿ ಸಾವಿನ ಪ್ರಮಾಣ ಅತಿ ಹೆಚ್ಚಿರುವವುಗಳಲ್ಲಿ ಅನೊರೆಕ್ಸಿಯಾ ಒಂದು, ಮತ್ತು ಆ ಸಾವುಗಳಲ್ಲಿ ಹಸಿವಿನಿಂದ ಹೃದಯ ಸೋಲುವುದರ ಜೊತೆಗೆ ಆತ್ಮಹತ್ಯೆಯೂ ಸೇರಿದೆ ಎಂಬುದನ್ನು ಮನೆಯವರು ತಿಳಿದಿರಬೇಕು.

ರಕ್ತದ ವರದಿ ಸರಿಯಾಗಿದೆ ಎಂಬ ಮಾತಿಗೆ ಮೊದಲು ಬರುತ್ತೇನೆ, ಏಕೆಂದರೆ ಇದರಿಂದ ಮೋಸಹೋದ ಕುಟುಂಬಗಳನ್ನೂ, ಕಿರಿಯ ವೈದ್ಯರನ್ನೂ ನಾನು ಕಂಡಿದ್ದೇನೆ. ಉಪವಾಸದಲ್ಲಿರುವ ದೇಹವು ಮಾಂಸಖಂಡವನ್ನೂ ಮೂಳೆಯನ್ನೂ ಕರಗಿಸಿಯಾದರೂ ರಕ್ತದಲ್ಲಿನ ಲವಣಾಂಶಗಳನ್ನು ಬಹುಕಾಲ ಸಮತೋಲದಲ್ಲಿ ಇಟ್ಟುಕೊಳ್ಳುತ್ತದೆ. ಒಳಗೆ ದಾಸ್ತಾನು ಬರಿದಾಗುತ್ತಿದ್ದರೂ ಹೊರಗಿನ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ನಾವು ವರದಿಗಿಂತ ಹೆಚ್ಚಾಗಿ ಮನುಷ್ಯರನ್ನು ನೋಡುತ್ತೇವೆ. ಎಚ್ಚರವಾಗಿರುವಾಗ ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿಯುವುದು, ದೇಹದ ಉಷ್ಣತೆ 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗುವುದು, ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುವುದು, ಸಕ್ಕರೆಯಂಶ ಇಳಿಯುವುದು, ಇಸಿಜಿಯಲ್ಲಿ ಬದಲಾವಣೆ ಕಾಣುವುದು, ಇವೆಲ್ಲ ದಾಖಲಿಸಲು ಸಾಕಾದ ಕಾರಣಗಳು. ಮನೆಯಲ್ಲೇ ಗಮನಿಸಬಹುದಾದದ್ದು ಒಂದಿದೆ: ಕುಕ್ಕರಗಾಲಿನಲ್ಲಿ ಕುಳಿತವರು ಕೈ ಊರದೆ ಏಳಲಾರರು ಎಂದರೆ ಸ್ನಾಯುಗಳು ಸೋತಿವೆ ಎಂದರ್ಥ. ನೀವು ಬರೆದ ಜಗಲಿಯ ಮೆಟ್ಟಿಲು ಮತ್ತು ಕಂಬ ನನಗೆ ಅದನ್ನೇ ಹೇಳುತ್ತಿವೆ. ಸದಾ ನಿಧಾನವಾಗಿದ್ದ ನಾಡಿ ಒಮ್ಮೆಲೇ ಎಲ್ಲರಂತೆ ಆಯಿತೆಂದು ಸಂತೋಷಪಡಬೇಡಿ. ಇಂಥವರಲ್ಲಿ ಅದು ಸೋಂಕಿನ ಲಕ್ಷಣವಾಗಿರಬಹುದು, ಜ್ವರ ಕಾಣಿಸಿಕೊಳ್ಳದೆಯೂ ಇರಬಹುದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಕಡೆ ಯಾರಾದರೂ ಸೊರಗಿದರೆ, ಸ್ವಲ್ಪ ಶಕ್ತಿ ಬರಲಿ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ರೂಢಿಯಿದೆ. ನಿಮ್ಮ ತಂಗಿಗೆ ಹಾಗೆ ಮಾಡಿಸಬೇಡಿ. ಬಹುಕಾಲ ಹಸಿದ ದೇಹಕ್ಕೆ ಏಕಾಏಕಿ ಸಕ್ಕರೆ ಸೇರಿದಾಗ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವೂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಬರಿದಾದಾಗ ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯುಗಳು ದುರ್ಬಲವಾಗುತ್ತವೆ. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳು ಆಹಾರ ಸಿಕ್ಕ ಮೇಲೆ ಸತ್ತಾಗ ವೈದ್ಯರು ಇದನ್ನು ಗಮನಿಸಿದ್ದರು. ಥಯಾಮಿನ್ ಅಂದರೆ ಬಿ1 ಜೀವಸತ್ವ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೂ ಹಾನಿಯಾಗಬಹುದು. ಆದ್ದರಿಂದಲೇ ಆಹಾರ ಮರಳಿ ಆರಂಭಿಸುವ ಮೊದಲ ಹತ್ತು ದಿನ ಆಸ್ಪತ್ರೆಯಲ್ಲಿ ಕಳೆಯಬೇಕಾದವು. ಥಯಾಮಿನ್ ಮೊದಲು, ಆಹಾರ ನಂತರ ಮತ್ತು ಹಂತಹಂತವಾಗಿ, ಆರಂಭದ ದಿನಗಳಲ್ಲಿ ಪ್ರತಿದಿನ ರಕ್ತಪರೀಕ್ಷೆ, ಪಕ್ಕದಲ್ಲಿ ಹೃದಯದ ಮಾನಿಟರ್.

ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ, ಮೂರು ಮಾತು ಕೇಳಿ: ಫಾಸ್ಫೇಟ್ ಪರೀಕ್ಷೆಯ ಫಲಿತಾಂಶ ಅದೇ ದಿನ ಸಿಗುತ್ತದೆಯೇ, ಆಹಾರತಜ್ಞರಿದ್ದಾರೆಯೇ, ಮನೋವೈದ್ಯರು ಅದೇ ವಾರ್ಡಿಗೆ ಬಂದು ನೋಡುತ್ತಾರೆಯೇ. ಮಡಿಕೇರಿಯಲ್ಲಿ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇರುವುದರಿಂದ ಮೊದಲ ತಪಾಸಣೆಗೆ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಅಲ್ಲಿಂದ ಮುಂದೆ ಮೈಸೂರಿಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸಬೇಕೇ ಎಂಬುದನ್ನು ಇಸಿಜಿ ನೋಡಿದವರು ನಿರ್ಧರಿಸಲಿ. ರೈಲಿಲ್ಲದ ಜಿಲ್ಲೆ ನಮ್ಮದು. ತಿತಿಮತಿ, ಹುಣಸೂರು ದಾಟಿ ಮೈಸೂರು ಮುಟ್ಟುವವರೆಗೂ ಕುಸಿಯದ ಸ್ಥಿತಿಯಲ್ಲಿ ಅವರಿದ್ದಾರೆ ಎಂದು ವೈದ್ಯರು ಹೇಳಿದ ಮೇಲೆಯೇ ಹೊರಡಿ.

ಹೊಟ್ಟೆ ಉಬ್ಬರಿಸುತ್ತದೆ ಎಂಬ ಅವರ ದೂರು ಸುಳ್ಳಲ್ಲ. ಕಡಿಮೆ ಉಣ್ಣುವವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಸ್ವಲ್ಪ ತಿಂದರೂ ತುಂಬಿದಂತಾಗುತ್ತದೆ. ನಿಯಮಿತವಾಗಿ ಉಣ್ಣಲು ಆರಂಭಿಸಿ ಕೆಲವು ವಾರ ಕಳೆದರೆ ಇದು ತಾನಾಗಿ ಸುಧಾರಿಸುತ್ತದೆ. ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳದ ಅನೊರೆಕ್ಸಿಯಾ ಭಾರತದಲ್ಲೂ ಹಾಂಗ್‌ಕಾಂಗ್‌ನಲ್ಲೂ ದಾಖಲಾಗಿದೆ. ರೋಗಪತ್ತೆಗೆ ಆ ಮಾತೇ ಬೇಕೆಂದಿಲ್ಲ, ತೂಕ ಏರದಂತೆ ತಡೆಯುವ ನಡವಳಿಕೆ ಬಿಡದೆ ನಡೆದಿದ್ದರೆ ಸಾಕು. ಮುಟ್ಟಿನ ವಿಷಯವೂ ಹಾಗೆಯೇ. ಮಾತ್ರೆಯಿಂದ ಬರುವ ರಕ್ತಸ್ರಾವ ಮಾತ್ರೆಯದು, ದೇಹ ಚೇತರಿಸಿಕೊಂಡ ಗುರುತಲ್ಲ. ಇಷ್ಟು ವರ್ಷಗಳಲ್ಲಿ ಮೂಳೆ ಟೊಳ್ಳಾಗಿರುವ ಸಾಧ್ಯತೆಯಿರುವುದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಒಮ್ಮೆ ಮಾಡಿಸಬೇಕು.

ಔಷಧಿಯ ಬಗ್ಗೆ ಯಾರಾದರೂ ದೊಡ್ಡ ಭರವಸೆ ಕೊಟ್ಟರೆ ನಂಬಬೇಡಿ. ಈ ಕಾಯಿಲೆಯನ್ನು ವಾಸಿಮಾಡುವ ಮಾತ್ರೆ ಇಲ್ಲ. ಓಲಂಜಪೈನ್ ಎಂಬ ಮನೋರೋಗದ ಔಷಧಿ ಕೆಲವರಿಗೆ ಅಲ್ಪಸ್ವಲ್ಪ ನೆರವಾಗುತ್ತದೆ, ಖಿನ್ನತೆಯ ಮಾತ್ರೆಗಳು ತೂಕ ತೀರ ಕಡಿಮೆಯಿರುವಾಗ ಹೆಚ್ಚು ಫಲ ಕೊಡುವುದಿಲ್ಲ.

ಉತ್ತರ: ಸೋಮವಾರಪೇಟೆಯ ಹಿರಿಯರೊಬ್ಬರು

ವೈದ್ಯರ ಮಾತಿಗೆ ಎದುರಾಡುವುದಿಲ್ಲ. ಆದರೆ ನಮ್ಮ ಕಾಲದಲ್ಲಿ ಇಂತಹ ಕಾಯಿಲೆಯ ಹೆಸರೇ ಕೇಳಿರಲಿಲ್ಲ. ತೋಟದ ಕೆಲಸ ಮಾಡಿ ಬಂದವರು ಇದ್ದದ್ದನ್ನು ಉಣ್ಣುತ್ತಿದ್ದರು. ಹುಡುಗಿಗೆ ಸಕಾಲದಲ್ಲಿ ಮದುವೆ ಮಾಡಿದ್ದರೆ, ತನ್ನದೆಂಬ ಸಂಸಾರವಾಗಿದ್ದರೆ, ಇದೆಲ್ಲ ತಾನಾಗಿ ಹೋಗುತ್ತಿತ್ತು ಎಂದು ನನ್ನ ಅನಿಸಿಕೆ. ಈಗಲೂ ಕಾಲ ಮಿಂಚಿಲ್ಲ.

ಉತ್ತರ: ಕುಶಾಲನಗರದಿಂದ, ಇದೇ ಕಾಯಿಲೆಯಲ್ಲಿ ಬಹುವರ್ಷ ಇದ್ದವಳು

ಹಿರಿಯರ ಮೇಲೆ ಗೌರವವಿಟ್ಟೇ ಹೇಳುತ್ತೇನೆ: ನನಗೆ ಮದುವೆ ಮಾಡಿದ್ದರು. ಕಾಯಿಲೆಯೂ ಜೊತೆಗೇ ಬಂದಿತ್ತು, ಅಷ್ಟೇ ವ್ಯತ್ಯಾಸ. ಇನ್ನು ಹೆಸರು ಕೇಳಿರಲಿಲ್ಲ ಎಂಬ ಮಾತು. ಲಂಡನ್ನಿನಲ್ಲಿ ವಿಲಿಯಂ ಗಲ್, ಪ್ಯಾರಿಸ್ಸಿನಲ್ಲಿ ಲಾಸೆಗ್ ಎಂಬ ವೈದ್ಯರು 1873ರಲ್ಲೇ ಇದನ್ನು ವಿವರಿಸಿದ್ದರು. ಕಾಯಿಲೆ ಹೊಸದಲ್ಲ, ನಮ್ಮ ಮನೆಗಳಲ್ಲಿ ಅದನ್ನು ವ್ರತ, ಪಿತ್ತ, ಹಠ ಎಂದು ಕರೆದು ಮುಗಿಸಿರಬಹುದು.

ಅಕ್ಕ, ನಿಮ್ಮ ಕಡಂಬುಟ್ಟಿನ ವಿವರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಬಡಿಸುವುದರಲ್ಲಿ ಸಿಗುವ ಆ ತೃಪ್ತಿ ನನಗೂ ಗೊತ್ತು. ಅದು ನಟನೆಯಲ್ಲ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಗಂಡಸರನ್ನು, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿ ಇರಿಸಿದ್ದರು. ಮೊದಲು ಯಾವ ಮಾನಸಿಕ ತೊಂದರೆಯೂ ಇರದ ಆ ಗಂಡಸರು ಹಗಲಿರುಳು ಆಹಾರವನ್ನೇ ಧ್ಯಾನಿಸಿದರು, ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಎಳೆದು ತಿಂದರು, ಚಳಿ ಎಂದರು, ಸಿಡುಕಿದರು, ಒಬ್ಬೊಬ್ಬರೇ ಇರಬಯಸಿದರು. ಸ್ವಭಾವವೆಂದು ನಿಮ್ಮ ಬಂಧುಗಳು ಯಾವುದನ್ನು ಕರೆಯುತ್ತಿದ್ದಾರೋ ಅದರಲ್ಲಿ ಬಹುಪಾಲು ಹಸಿವಿನದು. ಎಷ್ಟು ನಿಮ್ಮ ತಂಗಿಯದು, ಎಷ್ಟು ಹಸಿವಿನದು ಎಂಬುದು ದೇಹಕ್ಕೆ ಸ್ವಲ್ಪ ಆಹಾರ ದಕ್ಕಿದ ಮೇಲೆಯೇ ತಿಳಿಯುತ್ತದೆ. ಆದ್ದರಿಂದ ಈಗಲೇ ಅವರನ್ನು ಕೂರಿಸಿಕೊಂಡು ತರ್ಕ ಮಾಡಿ ಒಪ್ಪಿಸಲು ಹೋಗಬೇಡಿ, ಇಬ್ಬರಿಗೂ ಆಯಾಸವಾಗುತ್ತದೆ.

ನಾನು ಹಲವು ಬಾರಿ ಆಸ್ಪತ್ರೆಯಲ್ಲಿದ್ದೆ. ಊರು, ಆಸ್ಪತ್ರೆಗಳ ಹೆಸರು ಬೇಡ. ಮೊದಲಿನವುಗಳಲ್ಲಿ ನನಗೆ ನೆನಪಿರುವುದು ಸ್ಟೀಲಿನ ಖಾನೆತಟ್ಟೆ, ಅದರ ದೊಡ್ಡ ಖಾನೆಯಲ್ಲಿ ಆರಿಹೋದ ಅನ್ನ, ಊಟವಾದ ಮೇಲೆ ಅರ್ಧ ಗಂಟೆ ಪಕ್ಕದಲ್ಲೇ ಕುಳಿತಿರುತ್ತಿದ್ದ ಸಿಸ್ಟರ್. ಅವರು ಮಾತನಾಡುತ್ತಿರಲಿಲ್ಲ, ಕಾವಲಿದ್ದರು. ತೂಕದ ಗುರಿ ಮುಟ್ಟಿದ ದಿನವೇ ಮನೆಗೆ ಕಳುಹಿಸಿದರು. ಮನೆಗೆ ಬಂದ ಮರುವಾರ ಊರಿನಲ್ಲಿ ಮದುವೆ, ಎಲೆಯ ತುಂಬ ಊಟ, ಎಲ್ಲರ ಕಣ್ಣು ನನ್ನ ಎಲೆಯ ಮೇಲೆ, ಈಗ ಗುಂಡುಗುಂಡಾಗಿದ್ದೀಯಲ್ಲ ಎಂಬ ಹೊಗಳಿಕೆ ಬೇರೆ. ಆ ಒಂದು ಮಾತು ಎಷ್ಟು ತಿಂಗಳ ಕೆಲಸವನ್ನು ಕೆಡಿಸಿತು ಎಂದು ಹೇಳಿದವರಿಗೆ ಇಂದಿಗೂ ತಿಳಿದಿಲ್ಲ.

ನನಗೆ ಫಲ ಕೊಟ್ಟ ದಾಖಲಾತಿಯಲ್ಲಿ ಆಹಾರ ಬೇರೆಯದೇನೂ ಆಗಿರಲಿಲ್ಲ. ಮನೆಗೆ ಹೋದ ಮೇಲೆ ಏನು ಎಂಬುದನ್ನು ವಾರ್ಡಿನಲ್ಲಿ ಇರುವಾಗಲೇ ಬರೆದು ಇಟ್ಟಿದ್ದರು. ಯಾರು ನನ್ನೊಡನೆ ಕುಳಿತು ಉಣ್ಣುತ್ತಾರೆ, ಯಾವ ಹೊತ್ತಿಗೆ, ಊಟದ ಸಮಯದಲ್ಲಿ ಯಾವ ಮಾತು ಆಡಬಾರದು, ವಾರಕ್ಕೊಮ್ಮೆ ತೂಕ ಯಾರು ನೋಡುತ್ತಾರೆ, ನಾಡಿ ಎಷ್ಟಕ್ಕೆ ಇಳಿದರೆ ಚರ್ಚೆಯಿಲ್ಲದೆ ವಾಪಸ್ ಬರಬೇಕು. ತೂಕದ ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ, ಅಂಕಿ ನನಗೆ ಹೇಳುತ್ತಿರಲಿಲ್ಲ. ಮೊದಲ ವರ್ಷ ಹಬ್ಬದ ಊಟಗಳಿಗೆ ಹೋಗಬೇಕಾಗಿಲ್ಲ ಎಂದು ಮನೆಯವರು ಒಪ್ಪಿಕೊಂಡರು. ನೆಂಟರ ಬಾಯಿ ಮುಚ್ಚಿಸಿದವರು ನನ್ನ ಅತ್ತೆ, ಅದು ಚಿಕಿತ್ಸೆಯ ಅರ್ಧಭಾಗ ಎಂದು ಈಗಲೂ ಅಂದುಕೊಳ್ಳುತ್ತೇನೆ.

ವಾಸಿಯಾಗಿದ್ದೇನೆಯೇ ಎಂದರೆ ಪೂರ್ತಿ ಇಲ್ಲ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ, ಹೊತ್ತುಹೊತ್ತಿಗೆ ಉಣ್ಣುತ್ತೇನೆ, ಜನರ ನಡುವೆ ಉಣ್ಣುವುದು ಇನ್ನೂ ಕಷ್ಟ. ಕಾಯಿಲೆ ಸೊಂಟದ ಮೂಳೆಯಿಂದ ತನ್ನ ಸುಂಕವನ್ನು ತೆಗೆದುಕೊಂಡಿದೆ. ಆದರೆ ಇಷ್ಟು ವರ್ಷವಾಯಿತು, ಇನ್ನೇನು ಉಳಿದಿದೆ ಎಂಬ ಮಾತಿಗೆ ನನ್ನ ಬಳಿ ಉತ್ತರವಿದೆ. ಅಮೆರಿಕದ ಬಾಸ್ಟನ್ನಿನಲ್ಲಿ ಒಂದೇ ಗುಂಪಿನ ರೋಗಿಗಳನ್ನು ಬಹುಕಾಲ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷಗಳ ಹೊತ್ತಿಗೆ ಅನೊರೆಕ್ಸಿಯಾದಿಂದ ಚೇತರಿಸಿಕೊಂಡವರು ಶೇಕಡ 31ರಷ್ಟು, ಇಪ್ಪತ್ತೆರಡು ವರ್ಷಗಳ ಹೊತ್ತಿಗೆ ಸುಮಾರು ಶೇಕಡ 63. ಅಂದರೆ ಹತ್ತನೆಯ ವರ್ಷದಲ್ಲಿ ಕೈಬಿಟ್ಟಿದ್ದರೆ ಆ ಗುಂಪಿನ ಮೂರನೆಯ ಒಂದು ಭಾಗದಷ್ಟು ಜನರನ್ನು ಅನ್ಯಾಯವಾಗಿ ಕೈಬಿಟ್ಟಂತಾಗುತ್ತಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕನಿಷ್ಠ ಏಳು ವರ್ಷದಿಂದ ಕಾಯಿಲೆಯಿದ್ದ 63 ಮಂದಿಗೆ ಆಪ್ತಚಿಕಿತ್ಸೆ ಕೊಡುವಾಗ ತೂಕ ಏರಿಸುವುದನ್ನೇ ಮೊದಲ ಗುರಿ ಮಾಡಲಿಲ್ಲ, ಬದುಕು ಸುಧಾರಿಸುವುದನ್ನು ಗುರಿ ಮಾಡಿದರು. ಚಿಕಿತ್ಸೆ ಬಿಟ್ಟು ಹೋದವರು ಬಹಳ ಕಡಿಮೆ, ಬದುಕಿನ ಜೊತೆ ಕಾಯಿಲೆಯ ಲಕ್ಷಣಗಳೂ ಸುಧಾರಿಸಿದವು. ನಿಮ್ಮ ತಂಗಿ ಎರಡನೆಯ ಬಾರಿ ಅರ್ಧದಲ್ಲಿ ಎದ್ದು ಬಂದದ್ದು ಏಕೆ ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಉತ್ತರ: ವಿರಾಜಪೇಟೆಯ ವಕೀಲರು

ಕಾನೂನಿನ ಭಾಗವನ್ನಷ್ಟೇ ಬರೆಯುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ವ್ಯಕ್ತಿಯ ಒಪ್ಪಿಗೆಯನ್ನೇ ಮೊದಲ ದಾರಿಯಾಗಿ ಇರಿಸುತ್ತದೆ. ತಾನೇ ಒಪ್ಪಿ ಸೇರಿದವರು ಸಾಮಾನ್ಯವಾಗಿ ತಾವೇ ಹೊರಬರಬಹುದು, ಎರಡನೆಯ ಬಾರಿ ನಡೆದದ್ದು ಅದೇ ಇರಬೇಕು. ಒಪ್ಪದಿದ್ದಾಗ ಅನ್ವಯಿಸುವುದು 89ನೆಯ ಪ್ರಕರಣ. ತನ್ನ ಆರೈಕೆಯನ್ನು ತಾನು ಮಾಡಿಕೊಳ್ಳಲಾಗದೆ ತನಗೇ ಅಪಾಯ ತಂದುಕೊಳ್ಳುವ ಮಟ್ಟ ತಲುಪಿದವರ ಪರವಾಗಿ ಅವರ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬಹುದು. ಅಂಥವರನ್ನು ಅವರೇ ಹೆಸರಿಸಿಲ್ಲವಾದರೆ ಕಾಯ್ದೆ ಹೇಳುವ ಕ್ರಮದಲ್ಲಿ ಬಂಧುಗಳು ಆ ಸ್ಥಾನಕ್ಕೆ ಬರುತ್ತಾರೆ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿ ಅಭಿಪ್ರಾಯ ಕೊಡಬೇಕು. ಈ ದಾಖಲಾತಿ 30 ದಿನ ಮೀರುವಂತಿಲ್ಲ, ಮೀರಬೇಕಾದರೆ 90ನೆಯ ಪ್ರಕರಣದ ಹೆಚ್ಚಿನ ಷರತ್ತುಗಳು ಬರುತ್ತವೆ. ರೋಗಿ ಮಹಿಳೆಯಾದರೆ ಮೂರು ದಿನದೊಳಗೆ ಕಾಯ್ದೆಯಡಿ ರಚಿತವಾದ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ರೋಗಿಯು ಅಲ್ಲಿಗೆ ದೂರು ಸಲ್ಲಿಸಲೂಬಹುದು.

ಜೀವಕ್ಕೇ ಕುತ್ತು ಬಂದ ತುರ್ತಿನಲ್ಲಿ 94ನೆಯ ಪ್ರಕರಣದಡಿ ಯಾವುದೇ ನೋಂದಾಯಿತ ವೈದ್ಯರು, ಪ್ರತಿನಿಧಿ ಲಭ್ಯವಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಗಳವರೆಗೆ ಚಿಕಿತ್ಸೆ ಕೊಡಬಹುದು. ತಂಗಿ ತೋಟದ ಲೆಕ್ಕವನ್ನು ಚೊಕ್ಕವಾಗಿ ಬರೆಯುತ್ತಾರೆ, ಆದ್ದರಿಂದ ಎಲ್ಲ ನಿರ್ಧಾರಕ್ಕೂ ಸಮರ್ಥರು ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಕಾಯ್ದೆ ಕೇಳುವುದು ಈ ಚಿಕಿತ್ಸೆಯನ್ನು ನಿರಾಕರಿಸಿದರೆ ಆಗುವ ಪರಿಣಾಮವನ್ನು ಅವರು ಗ್ರಹಿಸಬಲ್ಲರೇ ಎಂದು, ಮತ್ತು ಆ ಸಾಮರ್ಥ್ಯವನ್ನು ಮತ್ತೆಮತ್ತೆ ಪರಿಶೀಲಿಸಬೇಕು. ಹಾಗೆಯೇ, ಆರೋಗ್ಯ ಸ್ಥಿರವಾಗಿರುವ ದಿನಗಳಲ್ಲಿ ಮುಂದೆ ತನಗೆ ಹೇಗೆ ಚಿಕಿತ್ಸೆ ಬೇಕು, ಹೇಗೆ ಬೇಡ ಎಂಬ ಮುಂಗಡ ನಿರ್ದೇಶನವನ್ನು ಅವರೇ ಬರೆದಿಡಬಹುದು. ಮನಸ್ತಾಪ ಕಡಿಮೆ ಮಾಡಲು ನನ್ನ ಅನುಭವದಲ್ಲಿ ಇದಕ್ಕಿಂತ ಉಪಯುಕ್ತ ಕಾಗದವಿಲ್ಲ. ವಿಮೆಯಿದ್ದರೆ ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಕೊಡಬೇಕೆಂದು 21ನೆಯ ಪ್ರಕರಣದಲ್ಲಿದೆ. ಇಲ್ಲವೆಂದರೆ ಲಿಖಿತವಾಗಿ ಕೇಳಿ.

ಗೋಣಿಕೊಪ್ಪದ ಅಕ್ಕ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಬಾರಿ ಅರ್ಧದಲ್ಲಿ ಎದ್ದು ಬಂದದ್ದು ಏಕೆ ಎಂದು ಕುಶಾಲನಗರದವರು ಕೇಳಿದ ಪ್ರಶ್ನೆಯನ್ನು ನಿನ್ನೆ ನನ್ನ ತಂಗಿಗೇ ಕೇಳಿದೆ. ವಾರ್ಡಿನಲ್ಲಿ ಎಲ್ಲರೆದುರು ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರಂತೆ. ಇಷ್ಟು ವರ್ಷ ಅವಳು ಇದನ್ನು ಹೇಳಿರಲಿಲ್ಲ. ಇಸಿಜಿಗೆ ಒಪ್ಪಿದ್ದಾಳೆ, ದಾಖಲಾಗಬೇಕೆಂದರೆ ಕೆಲವು ಷರತ್ತುಗಳಿವೆ ಎಂದಿದ್ದಾಳೆ: ತೂಕ ಅವಳಿಗೆ ಹೇಳಬಾರದು, ಅಮ್ಮ ಜೊತೆಗಿರಬೇಕು, ಬೇಸಿಗೆಯಲ್ಲಿ ನಡೆಯುವ ಕೊಡವ ಹಾಕಿ ಹಬ್ಬದ ಫೈನಲ್ ನೋಡಲು ಬಿಡಬೇಕು. ಅವಳು ಶಾಲೆಯ ತಂಡದಲ್ಲಿ ಆಡಿದವಳು. ಅಮ್ಮ ಮನೆಯಿಂದ ಊಟ ತರಬಹುದೇ ಎಂದು ಕೇಳುತ್ತಿದ್ದಾರೆ. ಮಳೆಗಾಲದಲ್ಲಿ ಪದೇಪದೇ ಮೈಸೂರಿಗೆ ಓಡಾಡುವುದು ನಮಗೆ ಆಗದ ಮಾತು, ಅದಕ್ಕೇನು ದಾರಿ?

ಉತ್ತರ: ನಿವೃತ್ತ ಫಿಸಿಶಿಯನ್, ಮಡಿಕೇರಿ

ಷರತ್ತುಗಳಲ್ಲಿ ಯಾವುದೂ ಅನ್ಯಾಯದ್ದಲ್ಲ. ದಾಖಲಾಗುವ ಮೊದಲೇ ವಾರ್ಡಿನ ವೈದ್ಯರಿಗೂ ಮುಖ್ಯ ಸಿಸ್ಟರ್‌ಗೂ ಹೇಳಿ ಕೇಸ್ ಶೀಟಿನಲ್ಲಿ ಬರೆಸಿ. ಫೈನಲ್ ದಿನಕ್ಕೆ ದೇಹಸ್ಥಿತಿ ಒಪ್ಪಿದರೆ ಹೋಗಲಿ, ಒಪ್ಪದಿದ್ದರೆ ಫೋನಿನಲ್ಲಿ ನೋಡಲಿ ಎಂದು ಈಗಲೇ ಮಾತಾಗಿರಲಿ. ಇಸಿಜಿಯನ್ನು ಮಾತ್ರ ನಾಳೆಗೆ ಮುಂದೂಡಬೇಡಿ, ಅದರಲ್ಲಿ ತೊಂದರೆ ಕಂಡರೆ ಷರತ್ತುಗಳ ಮಾತುಕತೆ ವಾರ್ಡಿನೊಳಗೆ ಮುಂದುವರಿಯಲಿ.

ಮನೆಯ ಊಟದ ವಿಷಯ: ಮೊದಲ ದಿನಗಳಲ್ಲಿ ಬೇಡ, ಏಕೆಂದರೆ ಎಷ್ಟು ಸೇರಿತು ಎಂಬ ಲೆಕ್ಕ ತಪ್ಪುತ್ತದೆ. ರಕ್ತದ ಲವಣಾಂಶಗಳು ನೆಲೆಗೊಂಡ ಮೇಲೆ ಆಹಾರತಜ್ಞರು ಹೇಳಿದ ಹೊತ್ತಿಗೆ ಅಕ್ಕಿರೊಟ್ಟಿಯೋ ನೂಪುಟ್ಟೋ (ಅಕ್ಕಿ ಶಾವಿಗೆ) ತರಬಹುದು, ಅದೇ ಮನೆಯ ಊಟಕ್ಕೆ ಮರಳುವ ಅಭ್ಯಾಸವೂ ಆಗುತ್ತದೆ. ಹೊಟ್ಟೆಗೆ ಹಗುರವಾಗಿರಲೆಂದು ಗಂಜಿ ನೀರು ತರಬೇಡಿ ಎಂದು ಅಮ್ಮನಿಗೆ ಹೇಳಿ.

ಹಿಂತಿರುಗಿದ ಮೇಲಿನ ತಪಾಸಣೆಗೆ ಪ್ರತಿಸಲ ಮೈಸೂರು ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಜಿಲ್ಲೆಯಲ್ಲೇ ಇರುತ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆಂದು ಫೋನ್ ಮಾಡಿ ವಿಚಾರಿಸಿ. ನಾಡಿ, ರಕ್ತದೊತ್ತಡ, ತೂಕ, ಇಸಿಜಿ ಇವಿಷ್ಟನ್ನು ಸ್ಥಳೀಯವಾಗಿ ನೋಡಿ ಮೈಸೂರಿಗೆ ಕಳುಹಿಸಿದರೆ ಆಪ್ತಚಿಕಿತ್ಸೆ ವಿಡಿಯೋ ಕರೆಯಲ್ಲಿ ನಡೆಯಬಹುದು. ರಾತ್ರಿ ಹೊತ್ತಿನಲ್ಲಿ ಅವಳ ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲಿರುಳು ಕನ್ನಡದಲ್ಲೂ ಮಾತನಾಡುತ್ತಾರೆ. 2018ರ ಆಗಸ್ಟಿನಲ್ಲಿ ರಸ್ತೆಗಳು ಕುಸಿದಾಗ ನಮ್ಮ ಎಷ್ಟೋ ರೋಗಿಗಳು ಊರಿನಲ್ಲೇ ಸಿಲುಕಿದ್ದರು, ಆದ್ದರಿಂದ ಈ ದಾಖಲಾತಿ ಕಕ್ಕಡ, ಅಂದರೆ ಜೋರು ಮಳೆಯ ಆಷಾಢ ಮಾಸ, ಹಿಡಿಯುವ ಮೊದಲೇ ಮುಗಿಯುವಂತೆ ನೋಡಿಕೊಳ್ಳಿ. ಹಳೆಯ ಇಸಿಜಿ ಪ್ರತಿಗಳೂ ಡಿಸ್ಚಾರ್ಜ್ ಸಾರಾಂಶಗಳೂ ಮನೆಯಲ್ಲಿ ಇದ್ದರೆ ತೆಗೆದುಕೊಂಡು ಹೋಗಿ, ಹೋಲಿಸಿ ನೋಡಲು ಬೇಕಾಗುತ್ತವೆ.